ಮಂಗ ನಮ್ಮ ದಾಯಾದಿ

ಜನವರಿ 6, ಸೋಮವಾರ

ಪ್ರಾಕ್ಟಿಕಲ್ ರೆಕಾರ್ಡ್‌ಗಳಿಗೆ ಸಹಿ ಹಾಕಿ ಹಾಕಿ ಬೆರಳು ನೋವು. ಪೋರ್ಶನ್ ಮುಗಿದಿಲ್ಲ. ಸೆಕೆಂಡ್ ಪಿಯುಸಿಗೆ ಇವತ್ತು ವಿಕಾಸವಾದ ಶುರು ಮಾಡಿದೆ. ಹತ್ತನೇ ಕ್ಲಾಸಿನ ಪುಸ್ತಕದಿಂದ ತೆಗೆದುಹಾಕಿದ ಮೇಲೆ ಈ ಮಕ್ಕಳು ಇದನ್ನು ಕೇಳುವುದೇ ಮೊದಲು.

"ಮಂಗನಿಂದ ಮನುಷ್ಯ ಬಂದಿದ್ರೆ ಈಗಿನ ಮಂಗ ಯಾಕೆ ಮಿಸ್ ಇನ್ನೂ ಮಂಗನಾಗೇ ಇದೆ?" — ಹಿಂದಿನ ಬೆಂಚು. ಪ್ರತಿ ವರ್ಷ ಇದೇ ಪ್ರಶ್ನೆ, ಇದೇ ಕಿಸಿಕಿಸಿ. ಸಿಟ್ಟು ನೆತ್ತಿಗೇರಿತು.

"ಮಂಗ ನಿನ್ನ ಅಜ್ಜ ಅಲ್ಲ ಮಾರಾಯ, ದಾಯಾದಿ. ಮೂಲ ಒಂದೇ, ಆಮೇಲೆ ಪಾಲಾಯ್ತು. ನಿನ್ನ ಚಿಕ್ಕಪ್ಪನ ಮಗ ಇನ್ನೂ ಬದುಕಿದಾನೆ ಅಂತ ನೀನು ಹುಟ್ಟೇ ಇಲ್ಲ ಅಂತೀಯಾ?"

ಭವ್ಯಾ ಪುರಾವೆ ಕೇಳಿದಳು. ಮಾಸ್ತಿಕಟ್ಟೆ ರಸ್ತೆ ಕಡೆಯ ಹುಡುಗಿ, ಮೊದಲ ಬೆಂಚು. ಹೇಳಿದ್ದನ್ನು ಸುಮ್ಮನೆ ನುಂಗುವವಳಲ್ಲ. ಪಳೆಯುಳಿಕೆ, ಡಿಎನ್‌ಎ ಎಲ್ಲ ಹೇಳಿ ಕಡೆಗೆ ಮಂಗನ ಕಾಯಿಲೆಗೆ ಬಂದೆ. ಆ ಜ್ವರ ಹೊತ್ತ ಕಾಡಿನ ಉಣುಗು, ಅಂದರೆ ರಕ್ತ ಹೀರುವ ಉಣ್ಣೆಹುಳ, ಹಸುವಿಗೂ ಕಚ್ಚುತ್ತದೆ, ಹಸು ಆರಾಮಾಗಿ ಮೇಯುತ್ತದೆ. ಮಂಗಕ್ಕೆ ಕಚ್ಚಿದರೆ ಮಂಗ ಸಾಯುತ್ತದೆ, ನಮಗೆ ಕಚ್ಚಿದರೆ ನಾವು. ಒಳಗಿನ ಮೈ ಅಷ್ಟು ಹತ್ತಿರದ್ದು. "ಅದಕ್ಕೇ ಸತ್ತ ಮಂಗನ ಹತ್ರ ಹೋಗ್ಬೇಡಿ. ಮೈ ತಣ್ಣಗಾದ ಕೂಡ್ಲೆ ಉಣುಗು ಇಳಿದು ಮುಂದಿನ ನೆಂಟನ್ನ ಹುಡುಕತ್ತೆ."

ಭವ್ಯಾ ಅಷ್ಟನ್ನೂ ಬರೆದುಕೊಂಡಳು. ಬಹಳ ದಿನದ ಮೇಲೆ ಪಾಠ ಮಾಡಿದ್ದು ಖುಷಿಯಾಯಿತು.

ಜನವರಿ 9, ಗುರುವಾರ

ಸೋಮವಾರದ ಪಾಠವನ್ನು ಯಾವನೋ ಮೊಬೈಲ್‌ನಲ್ಲಿ ಹಿಡಿದಿದ್ದಾನೆ. ಉಣುಗು, ಜ್ವರ ಎಲ್ಲ ಕತ್ತರಿಸಿ "ಮಂಗ ದಾಯಾದಿ" ಅನ್ನುವಷ್ಟನ್ನೇ ಊರೆಲ್ಲ ಹಂಚಿದ್ದಾರೆ. ಕಾಲೇಜು ಟ್ರಸ್ಟಿನ ಅಧ್ಯಕ್ಷ ಶ್ರೀರಂಗ ಕರೆಸಿದರು.

"ಎಂತದ್ ಇದು ಮೇಡಂ? ಹನುಮಂತ ದೇವ್ರನ್ನ ದಾಯಾದಿ ಅಂದ್ರಂತೆ?"

"ನಾನು ಹೇಳಿದ್ದು ಮಂಗನ್ನ, ಸರ್."

"ನಮಗೆ ಎರಡೂ ಒಂದೇ. ನಿಮ್ಮ ಜೈನರಲ್ಲಿ ಸೃಷ್ಟಿ ಮಾಡ್ದ ದೇವ್ರೇ ಇಲ್ವಂತಲ್ಲ, ನಿಮಗೆ ಸುಲಭ. ಪ್ರಾರ್ಥನೆ ಟೈಮಲ್ಲಿ ಮಕ್ಕಳ ಎದುರು ತಪ್ಪಾಯ್ತು ಅಂದ್ಬಿಡಿ, ಮುಗೀತು."

ಪುಸ್ತಕದಲ್ಲಿದ್ದದ್ದನ್ನು ಹೇಳಿದ್ದಕ್ಕೆ ತಪ್ಪಾಯ್ತು ಅನ್ನುವುದಿಲ್ಲ ಅಂದೆ. ನನ್ನದು ಟ್ರಸ್ಟಿನ ನೇಮಕ, ಸರ್ಕಾರದ್ದಲ್ಲ ಅಂತ ನೆನಪಿಸಿದರು. ಗೊತ್ತಿಲ್ಲದ್ದೇನಲ್ಲ.

ಹೊತ್ತು ಮುಳುಗುವ ಮೊದಲು ಊಟಕ್ಕೆ ಕೂತಾಗ ಇವರೂ ಶುರು. "ಜಗತ್ತನ್ನ ಯಾರೂ ಮಾಡಿಲ್ಲ, ಅನಾದಿ ಅನ್ನೋರು ನಾವು. ಅವರ ಉಸಾಬರಿ ನಿನಗ್ಯಾಕೆ ಜ್ವಾಲಾ?" ಅಂದರು ಶಾಂತಿರಾಜ. ನಮ್ಮಲ್ಲೂ ಮಂಗ ಅನಾದಿಯಿಂದ ಮಂಗನೇ ಅಂತಾರಲ್ಲ, ಅದೂ ತಪ್ಪೇ ಅಂದೆ. ತಟ್ಟೆ ತಳ್ಳಿ ಎದ್ದರು. ಸರಿ, ಈಗ ಮನೆಯಲ್ಲೂ ಯಾರೂ ಇಲ್ಲ.

ಜನವರಿ 13, ಸೋಮವಾರ

ಅಧ್ಯಕ್ಷರು ಯಾರನ್ನೋ ಭಾಷಣಕ್ಕೆ ಕರೆಸಿದ್ದರು. ಕೋಟು, ಲ್ಯಾಪ್‌ಟಾಪ್. ವಾಚ್ ಇದ್ದರೆ ವಾಚ್ ಮಾಡಿದವನು ಇರಲೇಬೇಕು, ಕಣ್ಣಿನಂಥ ಕಣ್ಣು ತಾನಾಗಿ ಬರುತ್ತದಾ, ಇದೇ ಹೊಸ ವಿಜ್ಞಾನ — ಒಂದು ಗಂಟೆ. ಚಪ್ಪಾಳೆಯೋ ಚಪ್ಪಾಳೆ. ಕರ್ಮ.

ಮುಂದಿನ ಪೀರಿಯಡ್ ನನ್ನದು. ಕಾಗದದ ಮೇಲೆ ಒಂದು ಚುಕ್ಕಿ, ಒಂದು ಗುಣಿಸು ಗುರುತು ಹಾಕಿಸಿದೆ. ಒಂದು ಕಣ್ಣು ಮುಚ್ಚಿ ಗುರುತನ್ನೇ ನೋಡುತ್ತ ಕಾಗದ ಹತ್ತಿರ ತನ್ನಿ ಅಂದೆ. ಒಂದು ಜಾಗದಲ್ಲಿ ಚುಕ್ಕಿ ಮಾಯ. "ನರದ ವೈರು ಮುಂದಿನಿಂದ ಎಳೆದು, ಪರದೆಗೇ ತೂತು ಹೊಡೆದು ಹಿಂದೆ ಹೋಗಿದೆ. ಅಲ್ಲಿ ಕಣ್ಣು ಕುರುಡು. ನಿಮ್ಮನೇಲಿ ಹಿಂಗೆ ವೈರಿಂಗ್ ಮಾಡಿದ್ರೆ ಎಲೆಕ್ಟ್ರಿಷಿಯನ್‌ನ ಸುಮ್ನೆ ಬಿಡ್ತೀರಾ?" ಹಂತಹಂತವಾಗಿ, ಇದ್ದದ್ದರ ಮೇಲೇ ಆಗುತ್ತ ಬಂದದ್ದು ಹೀಗೆ ಇರುತ್ತದೆ ಅಂದೆ.

ಭವ್ಯಾ ನಕ್ಕಳು. "ಅಜ್ಜಿಗೆ ತೋರಿಸ್ತೀನಿ ಮಿಸ್" ಅಂದಳು. ಒಬ್ಬಳಾದರೂ ಇದ್ದಾಳಲ್ಲ, ಸಾಕು.

ಜನವರಿ 18, ಶನಿವಾರ, ಸಂಜೆ

ಬರೆದುಬಿಡುತ್ತೇನೆ.

ಬೆಳಗ್ಗೆ ಭವ್ಯಾಳ ಫೋನ್. "ಮಿಸ್, ನಮ್ಮನೆ ಹತ್ರ ಮಂಗ ಸತ್ತಿದೆ. ಶನಿವಾರ ಬೇರೆ, ಹನುಮಪ್ಪನೇ ಅಂತ ಮೆರವಣಿಗೆ ಮಾಡ್ತಾರಂತೆ. ಮುಟ್ಬೇಡಿ ಅಂದ್ರೆ ಯಾರೂ ಕೇಳ್ತಿಲ್ಲ." ಆರೋಗ್ಯ ಇಲಾಖೆಗೆ ಫೋನ್ ಮಾಡಿದೆ. ಅವರು ಬೇರೆ ಊರಿನಲ್ಲಿ ಇನ್ನೊಂದು ಮಂಗನ ಹತ್ತಿರ ಇದ್ದರು, ಬರುತ್ತೇವೆ ಅಂದರು. ಸ್ಕೂಟಿ ಹತ್ತಿದೆ.

ಮಂಗನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಕಟ್ಟಿದ್ದರು. ಕೇಸರಿ ಶಾಲು, ಹಣೆಗೆ ಕುಂಕುಮ. ಭವ್ಯಾಳ ಅಜ್ಜಿ ಕೆರಿಯಮ್ಮ ಅರಿಶಿನದ ನೀರಿನಲ್ಲಿ ಅದರ ಕಾಲು ತೊಳೆಯುತ್ತಿದ್ದರು. ಅಪ್ಪ ಗಣೇಶ್ ಹೊರಲು ಕುರ್ಚಿಗೆ ಬಿದಿರು ಗಳ ಕಟ್ಟುತ್ತಿದ್ದರು. ಭವ್ಯಾ ಮಾತ್ರ ದೂರ, ಬೇಲಿಯ ಹತ್ತಿರ ಕೈಕಟ್ಟಿ ನಿಂತಿದ್ದಳು.

ಶ್ರೀರಂಗ ಅಲ್ಲೇ ಇದ್ದರು. "ಬಂದ್ರಾ ಮೇಡಂ? ದಾಯಾದಿ ಮಣ್ಣಿಗೆ ಬಂದ್ರಾ?" ಎಲ್ಲರೂ ನಕ್ಕರು.

ಕಿರುಚಿದೆ. ಉಣುಗು ಇದೆ, ಇಳಿಸಿ, ದೂರ ಹೋಗಿ. "ದೇವ್ರನ್ನ ಬೈದೋರ ಮಾತು ಎಂತಕ್ಕೆ ಕೇಳ್ಬೇಕು?" ಅಂದರು ಯಾರೋ. ಕೈ ಮುಗಿದೆ. ಆಗ ಅಧ್ಯಕ್ಷರು ಹತ್ತಿರ ಬಂದು ಮೆಲ್ಲಗೆ, "ತಪ್ಪಾಯ್ತು ಅಂದ್ಬಿಡಿ. ಆಮೇಲೆ ನೀವು ಹೇಳ್ದಂಗೇ ಆಗ್ಲಿ" ಅಂದರು.

ಒಂದು ಕ್ಷಣ ಯೋಚಿಸಿದೆ. ಅಷ್ಟು ಜನ, ಮಕ್ಕಳು ಮರಿ ಎಲ್ಲ ಅಲ್ಲೇ. ನನ್ನ ಹಟಕ್ಕೆ ಇವರನ್ನು ಬಲಿ ಕೊಡುವುದಾ?

"ಆ ದಿನ ಕ್ಲಾಸಲ್ಲಿ ನಾನು ಹೇಳಿದ್ದೆಲ್ಲ ತಪ್ಪು. ಎಲ್ಲಾ ಸುಳ್ಳು. ಈಗಾದ್ರೂ ಕೆಳಗಿಳಿಸಿ."

ಶಿಳ್ಳೆ, ಜೈಕಾರ. ಹತ್ತಾರು ಮೊಬೈಲ್. ಆದರೂ ಕುರ್ಚಿ ಎತ್ತಿಯೇ ಬಿಟ್ಟರು. ಅಧ್ಯಕ್ಷರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಲ್ಲಿ ನಿಲ್ಲಲಾಗಲಿಲ್ಲ, ಸ್ಕೂಟಿ ತಿರುಗಿಸಿದೆ. ನಾನು ಪೇಟೆ ಮುಟ್ಟುವಾಗ ಇಲಾಖೆಯ ಜೀಪು ಎದುರಾಯಿತು. ಅವರು ಹೋಗುವಷ್ಟರಲ್ಲಿ ಮಂಗನನ್ನು ಹೂತು ಗುಂಡಿ ಮುಚ್ಚಿ ಆಗಿತ್ತಂತೆ.

ಥೂ. ಮಾನವೂ ಹೋಯಿತು, ಕೆಲಸವೂ ಆಗಲಿಲ್ಲ.

ಜನವರಿ 20, ಸೋಮವಾರ

ಅಧ್ಯಕ್ಷರು ಕಾರಿಡಾರಿನಲ್ಲಿ ಸಿಕ್ಕು ನಗುನಗುತ್ತ ಮಾತಾಡಿಸಿದರು. "ಅವರು ಕೇಳ್ಲಿಲ್ಲ ಮೇಡಂ, ನಾನೆಂತ ಮಾಡ್ಲಿ?" ವಿಕಾಸವಾದದ ಉಳಿದ ಪಾಠ ಮಾಡಲಿಲ್ಲ, ಎಕಾಲಜಿಗೆ ಹೋದೆ. ಯಾರೂ ಯಾಕೆ ಅಂತ ಕೇಳಲಿಲ್ಲ. ಭವ್ಯಾ ಕೂಡ. ಅವಳು ತಲೆ ಎತ್ತಿ ನನ್ನನ್ನು ನೋಡಲೂ ಇಲ್ಲ.

ಜನವರಿ 24, ಶುಕ್ರವಾರ

ಭವ್ಯಾ ಬಂದಿಲ್ಲ. ಗಣೇಶ್‌ಗೆ ಫೋನ್ ಮಾಡಿದೆ. ನಿನ್ನೆಯಿಂದ ಚಳಿಜ್ವರ, ತಲೆನೋವು, ಕೈಕಾಲು ಎತ್ತಲಾಗದಷ್ಟು ನೋವು. "ಶೀತದ್ದು ಇರ್ಬೇಕು ಮೇಡಂ, ಕಷಾಯ ಕೊಟ್ಟಿದೀವಿ." ಕಷಾಯವೂ ಬೇಡ ಏನೂ ಬೇಡ, ಈಗಲೇ ರಕ್ತ ಪರೀಕ್ಷೆ ಮಾಡಿಸಿ ಅಂದೆ. ಫೋನಿನಲ್ಲಿ ಕಿರುಚಿದೆ ಅನ್ನಿಸುತ್ತೆ.

ಯಾಕೆ ಅವಳಿಗೆ? ದೂರ ನಿಂತಿದ್ದಳಲ್ಲ. ಹಿತ್ತಲಿಗೆ ಹೋದಾಗ ಕಚ್ಚಿತೋ ಏನೋ.

ಜನವರಿ 26, ಭಾನುವಾರ

ಮಂಗನ ಕಾಯಿಲೆಯೇ, ಪಾಸಿಟಿವ್. ತೀರ್ಥಹಳ್ಳಿಯಲ್ಲಿ ಅಡ್ಮಿಟ್. ಕೆಲಸ ಮಾಡುತ್ತಿಲ್ಲವೆಂದು ಹಳೇ ವ್ಯಾಕ್ಸಿನ್ ನಿಲ್ಲಿಸಿ ವರ್ಷಗಳಾದವು, ಹೊಸದು ಇನ್ನೂ ಬಂದಿಲ್ಲ. ಕಾಲು ತೊಳೆದ ಕೆರಿಯಮ್ಮನಿಗೆ ಏನೂ ಆಗಿಲ್ಲ. ಗಳ ಹೊತ್ತವರಿಗೂ ಇಲ್ಲ. ಉಣುಗು ಕಚ್ಚಿದವರಿಗೆ ಕಚ್ಚಿತು, ಅಷ್ಟೇ. ಅದಕ್ಕೆ ಪಾಪವೂ ಇಲ್ಲ ಪುಣ್ಯವೂ ಇಲ್ಲ ಅಂತ ನಾನೇ ಪಾಠ ಮಾಡುತ್ತೇನೆ. ಇವತ್ತು ಅದು ಯಾವ ಸಮಾಧಾನಕ್ಕೂ ಬರಲಿಲ್ಲ.

ಜನವರಿ 30

ಮಣಿಪಾಲಕ್ಕೆ ಸಾಗಿಸಿದ್ದಾರೆ. ವಸಡಿನಿಂದ ರಕ್ತ. ಐಸಿಯು, ಒಳಗೆ ಬಿಡಲಿಲ್ಲ. ಗಾಜಿನಲ್ಲಿ ಬರೀ ಪಾದ ಕಂಡಿತು. ಪದ್ಮಾವತಿ ಅಮ್ಮನಿಗೆ ಹರಕೆ ಹೊತ್ತೆ — ನಾನು. ನಗು ಬರಬೇಕಿತ್ತು.

ಫೆಬ್ರವರಿ 4

ಭವ್ಯಾ ಹೋದಳು.

ಫೆಬ್ರವರಿ 16, ಭಾನುವಾರ

ಗಣೇಶ್ ಮನೆಗೆ ಬಂದಿದ್ದರು. ಜಗುಲಿಯಲ್ಲೇ ಕೂತರು. ನೀರು ಕೊಟ್ಟೆ, ಮುಟ್ಟಲಿಲ್ಲ. ಬೈಯಲು ಬಂದಿದ್ದಾರೆ ಅಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

"ಒಂದು ಕೇಳ್ಬೇಕಿತ್ತು ಮೇಡಂ. ಅವ್ಳು ಬೆಳಗ್ಗಿಂದ ಬೇಲಿ ಹತ್ರನೇ ನಿಂತಿದ್ಲು. ಅಮ್ಮ ಕರೆದ್ರೂ ಬರ್ಲಿಲ್ಲ, ನಾನು ಗದರಿಸಿದ್ರೂ ಬರ್ಲಿಲ್ಲ. ಮಿಸ್ ಹೇಳಿದಾರೆ, ನಾನು ಮುಟ್ಟಲ್ಲ ಅಂತ ಒಂದೇ ಹಟ. ಆಮೇಲೆ ನೀವು ಬಂದ್ರಿ. ಎಲ್ಲಾ ಸುಳ್ಳು ಅಂದ್ರಿ, ಹೋದ್ರಿ."

ಹೆಗಲ ಮೇಲಿನ ಟವೆಲ್ ತೆಗೆದು ಮಡಿಲಲ್ಲಿಟ್ಟುಕೊಂಡರು.

"ನೀವು ಹೋದ್ಮೇಲೆ, ಗುಂಡಿ ಹತ್ರ ಕುರ್ಚಿ ಇಳಿಸಿದಾಗ ಬಂದ್ಲು. ಅಜ್ಜಿ ಕೈಯಿಂದ ಹಾರ ಇಸ್ಕೊಂಡು ಅದ್ರ ಕೊರಳಿಗೆ ಅವ್ಳೇ ಹಾಕಿದ್ಲು. ತಬ್ಕೊಂಡು ಅತ್ಲು. ತಪ್ಪಾಯ್ತು ಹನುಮಪ್ಪಾ, ನಂಗೆ ಗೊತ್ತಿರ್ಲಿಲ್ಲ ಅಂತ."

ಅವರು ನನ್ನ ಕಡೆ ತಿರುಗಿದರು.

"ಈಗ ಹೇಳಿ ಮೇಡಂ. ಕ್ಲಾಸಲ್ಲಿ ಹೇಳಿದ್ದು ಸುಳ್ಳೋ, ನಮ್ಮೂರಲ್ಲಿ ಹೇಳಿದ್ದು ಸುಳ್ಳೋ?"

"ಕ್ಲಾಸಲ್ಲಿ ಹೇಳಿದ್ದೇ ನಿಜ" ಅಂದೆ. ಅವರಿಗೆ ಕೇಳುವ ಹಾಗೆ ಇನ್ನೊಮ್ಮೆ ಹೇಳಿದೆ.

"ಹಂಗಾದ್ರೆ ನನ್ನ ಮಗ್ಳು ಸರಿಯಾಗೇ ಕಲ್ತಿದ್ಲು" ಅಂದರು. ಚಪ್ಪಲಿ ಮೆಟ್ಟಿ ಹೊರಟುಹೋದರು.

ನಾಳೆ ಮೊದಲ ಪೀರಿಯಡ್ ನನ್ನದು. ಕೆಲಸ ಹೋದರೆ ಹೋಗಲಿ. ಎಲ್ಲರೂ ಮೊಬೈಲ್ ತೆಗೀರಿ, ಹಿಡ್ಕೊಳ್ಳಿ ಅನ್ನುತ್ತೇನೆ. ಆಮೇಲೆ ಆ ಮಕ್ಕಳ ಎದುರು ನಿಂತು, ಅವತ್ತು ಆ ಕುರ್ಚಿಯ ಮುಂದೆ ನಾನು ಹೇಳಿದ್ದು —