ಡೆಸ್ಸಾಳ ಬಿಳಿ ಪ್ಯಾಂಟು

ವಿಲೋ ಫೋರ್ಕ್, ಒಕ್ಲಹೋಮ
ಜೂನ್ 18, 2024, ಮಂಗಳವಾರ

ಪ್ರೀತಿಯ ಕೋಚ್ ಓಪಲ್ ಅವರಿಗೆ,

ಹೇಗಿದ್ದೀರಿ? ಮಂಡಿನೋವು ಕಡಿಮೆಯಾಯಿತೆ? ಮಂಚದ ಮೇಲ್ಗಡೆ ತೂಗುಹಾಕಿರುವ, ನಾವು ಕಪ್ ಗೆದ್ದ ದಿನದ ಫೋಟೋವನ್ನು ಬಂದ ನರ್ಸುಗಳಿಗೆಲ್ಲ ಇನ್ನೂ ತೋರಿಸುತ್ತಿದ್ದೀರಾ?

ನಿಮ್ಮ ಕಾಗದ ಬಂದು ಆರು ವಾರವಾಯಿತು. ಕೊರಿನ್ ಸೋಮಾರಿ ಎಂದು ಬೈದುಕೊಂಡಿರುತ್ತೀರಿ. ಬೈಯಿರಿ, ನಿಜವಾದ ಕಾರಣಕ್ಕಿಂತ ಅದೇ ವಾಸಿ. ಫೋನ್ ಮಾಡೋಣವೆಂದರೆ ನಿಮ್ಮ ಕಿವಿಯ ಯಂತ್ರ ಕಿರುಚಿಕೊಳ್ಳುತ್ತದೆ, ಇಂಥ ವಿಷಯವನ್ನು ಕೂಗಿ ಹೇಳಲು ನನಗೂ ಬಾಯಿ ಬರುವುದಿಲ್ಲ. ನೀವು ಕೇಳಿದ್ದು ಒಂದೇ ಸಾಲು: "ಹುಡುಗಿಯರೆಲ್ಲ ಆಡ್ತಾ ಇದ್ದಾರೆ ತಾನೆ?" ಅದಕ್ಕೆ ಉತ್ತರ ಬರೆಯಲಾಗದೆ ಆರು ವಾರ ಹೋಯಿತು.

ಮೊದಲು ಒಳ್ಳೆಯ ಸುದ್ದಿ. ನೀವು ಕೊಟ್ಟ ಚೆಂಡಿನ ಬಕೆಟ್ಟು ಗಟ್ಟಿಯಾಗಿದೆ, ಅದರ ಮೇಲೆ ಕೂತೇ ತಂಡ ನಡೆಸುತ್ತಿದ್ದೇನೆ. ಹನ್ನೆರಡು ವರ್ಷದೊಳಗಿನ ಹನ್ನೊಂದು ಹುಡುಗಿಯರು, ವಾರಕ್ಕೊಂದು ಊರು, ಕಾರಿನ ತುಂಬ ಸೂರ್ಯಕಾಂತಿ ಬೀಜದ ಸಿಪ್ಪೆ. ಸಾಫ್ಟ್‌ಬಾಲ್ ಏನೂ ಬದಲಾಗಿಲ್ಲ. ಬದಲಾಗಿರುವುದು ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂರುವ ಅಪ್ಪ ಅಮ್ಮಂದಿರು. ಅವರಿಗೆಲ್ಲ ಟ್ರಿಶ್ ಎಂಬಾಕೆ ನಾಯಕಿ. ನಮಗೆ ಚೆಂಡು ಎಸೆಯುವ ಪಿಚರ್ ಹುಡುಗಿಯ ತಾಯಿ, ಗಂಟಲು ಅಂಪೈರನಿಗಿಂತ ಜೋರು.

ಏಪ್ರಿಲಿನಲ್ಲಿ ಸತತ ಮೂರು ಭಾನುವಾರ ಸೋತೆವು. ಟ್ರಿಶ್ ನನ್ನನ್ನು ಪಾರ್ಕಿಂಗ್ ಜಾಗದಲ್ಲಿ ಅಡ್ಡಗಟ್ಟಿದಳು.

"ನೋಡು ಕೊರಿನ್, ಎಲ್ಲರೂ ಹೊರಗಿಂದ ಗೆಸ್ಟ್ ಪ್ಲೇಯರ್ ಕರೆಸ್ತಾರೆ. ನಾವೊಬ್ರೇ ಯಾಕೆ ಗಾಂಧಿ ಥರ ಇರ್ಬೇಕು? ಒಳ್ಳೆ ಪಿಚರ್ ಒಬ್ಬಳು ಬರ್ಲಿ. ನನ್ ಮಗಳು ಎರಡನೇ ಬೇಸ್ ಕಾಯೋಕೆ ಹೋಗ್ತಾಳೆ, ಪರವಾಗಿಲ್ಲ."

"ಎರಡನೇ ಬೇಸಲ್ಲಿ ಡೆಸ್ಸಾ ಇದ್ದಾಳಲ್ಲ," ಎಂದೆ.

"ಇದ್ದಾಳೆ, ಪಾಪ," ಎಂದಳು ಟ್ರಿಶ್. ಆ 'ಪಾಪ'ದಲ್ಲೇ ಡೆಸ್ಸಾಳ ಕಥೆ ಮುಗಿದಿತ್ತು. ಗೆಸ್ಟ್ ಬರದಿದ್ದರೆ ನಾಲ್ಕು ಮನೆಯವರು ತಮ್ಮ ಹುಡುಗಿಯರನ್ನು ಬೇರೆ ತಂಡಕ್ಕೆ ಸೇರಿಸುತ್ತಾರೆ ಎಂದೂ ತಿಳಿಸಿದಳು. ಹನ್ನೊಂದರಲ್ಲಿ ನಾಲ್ಕು ಹೋದರೆ ಏಳು. ಏಳು ಜನರ ತಂಡವನ್ನು ಯಾರೂ ಮೈದಾನಕ್ಕೆ ಬಿಟ್ಟುಕೊಳ್ಳುವುದಿಲ್ಲ. ಒಪ್ಪಿಕೊಂಡೆ.

ಹಾಗೆ ಕ್ಯಾಂಬ್ರಿ ಬಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಮೂರು ತಂಡಗಳಿಗೆ ಆಡುತ್ತಾಳೆ, ಭುಜಕ್ಕೆ ಐಸ್ ಕಟ್ಟಿಕೊಂಡೇ ಕಾರಿನಿಂದ ಇಳಿಯುತ್ತಾಳೆ. ಮೊದಲ ದಿನ ನನ್ನ ಪಕ್ಕ ನಿಂತು ಮೆಲ್ಲಗೆ, "ಕೋಚ್, ನಮ್ ಟೀಮಿನ ಹೆಸರೇನು?" ಎಂದು ಕೇಳಿದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ಚೆಂಡು ಎಸೆದರೆ ಬ್ಯಾಟಿಗೆ ಸಿಗುವುದೇ ಇಲ್ಲ. ಗೆಲ್ಲತೊಡಗಿದೆವು.

ಶನಿವಾರ ಹೇಗೂ ಎಲ್ಲರಿಗೂ ಬ್ಯಾಟಿಂಗ್ ಇರುತ್ತದೆ. ಭಾನುವಾರದ್ದು ಸೋತವರು ಮನೆಗೆ ಎನ್ನುವ ಆಟ, ಆಗ ಮೈದಾನಕ್ಕಿಳಿಯುವುದು ಒಂಬತ್ತೇ ಹೆಸರು. ಡೆಸ್ಸಾ ಬ್ಲೆವಿನ್ಸ್ ಆ ಒಂಬತ್ತರಲ್ಲಿ ಇರುವುದಿಲ್ಲ. ಒಂದು ಅಭ್ಯಾಸವನ್ನೂ ತಪ್ಪಿಸದ ಹುಡುಗಿ ಅವಳು. ತಾಯಿಯಿಲ್ಲ. ಅಪ್ಪ ಹಾಯ್ಟ್‌ಗೆ ಟೈರ್ ಅಂಗಡಿಯಲ್ಲಿ ಶನಿವಾರ, ಭಾನುವಾರವೂ ಕೆಲಸ, ಆಟ ಮುಗಿದ ಮೇಲೆ ಕರೆದೊಯ್ಯಲು ಬರುತ್ತಾನೆ. ಮೊದಲ ಭಾನುವಾರವೇ ಅವಳಿಗೆ, "ಗ್ಲೌಸ್ ಹಾಕ್ಕೊಂಡೇ ಇರು, ಕರೀತೀನಿ," ಎಂದಿದ್ದೆ. ಕರೆಯುವ ಉದ್ದೇಶವೂ ಇತ್ತು. ಆಟ ಬಿಗಿಯಾಯಿತು, ಕುರ್ಚಿಗಳಿಂದ ಕೂಗು ಬಂತು, ಕರೆಯಲಿಲ್ಲ. ಮಗು ಎರಡು ಗಂಟೆ ಗ್ಲೌಸ್ ಬಿಚ್ಚದೆ ಬೆಂಚಿನಲ್ಲಿ ಕೂತಿತ್ತು. ಎಡಗೈಗೆ ಗ್ಲೌಸ್ ಇದ್ದುದರಿಂದ ನೀರಿನ ಬಾಟಲಿಯ ಮುಚ್ಚಳವನ್ನು ಹಲ್ಲಿನಿಂದ ತೆಗೆಯುತ್ತಿತ್ತು. ಅದನ್ನು ನೋಡಿಯೂ ನಾನು ಆ ಕಡೆಗೆ ಬೆನ್ನು ಮಾಡಿಕೊಂಡೆ.

ಆಮೇಲಿನ ಭಾನುವಾರಗಳಲ್ಲೂ ಅದೇ ಮಾತು, ಅದೇ ಬೆಂಚು.

ಮೊನ್ನೆ ಭಾನುವಾರ ಅಪ್ಪಂದಿರ ದಿನ. ಗೆದ್ದೆವು, ಎಲ್ಲರೂ ಫೋಟೋಗೆ ಓಡಿದರು. ನಾನು ಬೇಸುಗಳನ್ನು ಎತ್ತಿಡಲು ಸಾಮಾನಿನ ಶೆಡ್ಡಿನ ಹಿಂದೆ ಹೋದೆ. ಡೆಸ್ಸಾ ಅಲ್ಲಿ ಮಂಡಿಯೂರಿದ್ದಳು. ನಮ್ಮ ಕೆಂಪು ಮಣ್ಣನ್ನು ನೀರು ಹಾಕಿ ಕಲಸಿ ಬಿಳಿ ಪ್ಯಾಂಟಿಗೆ ತಿಕ್ಕುತ್ತಿದ್ದಳು. ಎಡ ತೊಡೆಗೆ ಉದ್ದಕ್ಕೆ, ಮಂಡಿಗೆ ಗುಂಡಗೆ, ಜಾರಿ ಬೇಸ್ ಮುಟ್ಟಿದವರಿಗೆ ಎಲ್ಲಿ ಹತ್ತುತ್ತದೋ ಸರಿಯಾಗಿ ಅಲ್ಲಿಗೇ. ನನ್ನನ್ನು ಕಂಡು ಬೆಚ್ಚಿಬಿದ್ದಳು.

"ಅಪ್ಪಂಗೆ ಹೇಳ್ಬೇಡಿ ಕೋಚ್. ಅವರು ಪ್ಯಾಂಟನ್ನ ಟಬ್ಬಲ್ಲಿ ನೆನೆಸಿ ಕೈಯಲ್ಲೇ ಉಜ್ತಾರೆ. ಕೊಳೆ ಜಾಸ್ತಿ ಇದ್ರೆ ಹಾಡ್ ಹೇಳ್ಕೊಂಡು ಉಜ್ತಾರೆ."

ಅಷ್ಟರಲ್ಲಿ ಹಾಯ್ಟ್‌ನ ಟ್ರಕ್ ಬಂತು. ಇಳಿದವನೇ ಮಗಳನ್ನು ಮೇಲಿಂದ ಕೆಳಗೆ ನೋಡಿ ಹಲ್ಲು ಕಿರಿದ. "ಅಯ್ಯೋ ನನ್ ರಾಣಿ, ಅರ್ಧ ಮೈದಾನ ಮನೆಗ್ ತಗೊಂಡ್ ಹೋಗ್ತಿದೀಯಲ್ಲೇ! ಹೆಂಗಾಡಿದ್ಲು ಕೋಚ್?"

ಡೆಸ್ಸಾ ನನ್ನನ್ನೇ ನೋಡುತ್ತಿದ್ದಳು.

"ಚೆನ್ನಾಗಾಡಿದ್ಲು," ಎಂದೆ.

ಹೇಳಿದ ಕೂಡಲೇ ನನ್ನ ಮೇಲೆ ನನಗೇ ಅಸಹ್ಯವಾಯಿತು. ಈಗ ಬರುವ ಭಾನುವಾರ ರಾಜ್ಯ ಮಟ್ಟದ ಪಂದ್ಯ, ಹಾಯ್ಟ್ ರಜೆ ಹಾಕಿದ್ದಾನೆ, ವರ್ಷದಲ್ಲಿ ಮೊದಲ ಸಲ ಕುರ್ಚಿ ಹಾಕಿಕೊಂಡು ಪೂರ್ತಿ ಆಟ ನೋಡುತ್ತಾನಂತೆ. ಕ್ಯಾಂಬ್ರಿಯೂ ಬರುತ್ತಾಳೆ. ಡೆಸ್ಸಾಳನ್ನು ಆಡಿಸಿದರೆ ಟ್ರಿಶ್‌ಳ ಮಗಳು ಬೆಂಚಿಗೆ, ನಾಲ್ಕು ಮನೆಯವರು ಹೊರಗೆ, ತಂಡವೇ ಇಲ್ಲ. ತಂಡವಿಲ್ಲದಿದ್ದರೆ ಡೆಸ್ಸಾ ಆಡುವುದಾದರೂ ಎಲ್ಲಿ? ಆಡಿಸದಿದ್ದರೆ ಮಗಳ ಸುಳ್ಳು, ನನ್ನ ಸುಳ್ಳು ಎರಡೂ ಆ ಮನುಷ್ಯನ ಕಣ್ಣೆದುರೇ ಬಯಲಾಗುತ್ತವೆ. ಡೆಸ್ಸಾ ಇರುವುದೊಂದು, ಇಲ್ಲದ್ದೊಂದು, ಆಡುವವರ ಎರಡು ಪಟ್ಟಿ ಬರೆದು ಬಕೆಟ್ಟಿನಲ್ಲಿ ಇಟ್ಟಿದ್ದೇನೆ. ಎರಡನ್ನೂ ದಿನಕ್ಕೆ ಹತ್ತು ಸಲ ತೆಗೆದು ನೋಡುತ್ತೇನೆ. ಯಾವ ಕಡೆ ತಿರುಗಿದರೂ ಗೋಡೆಯೇ.

ನಾಳೆ ಅಂಗಡಿಗೆ ಹೋಗಿ ಹಾಯ್ಟ್‌ಗೆ ಎಲ್ಲವನ್ನೂ ಹೇಳುವುದೊಂದೇ ಉಳಿದಿದೆ. ಎರಡು ಸಲ ಅಂಗಡಿಯ ಮುಂದೆ ಕಾರು ನಿಲ್ಲಿಸಿ ವಾಪಸ್ಸು ಬಂದೆ.

ಬಿಸಿಲು ಜೋರಾಗಿದೆ, ಚೆನ್ನಾಗಿ ನೀರು ಕುಡಿಯಿರಿ. ಕೋಲಿಲ್ಲದೆ ಓಡಾಡುವ ಹಟ ಬೇಡ. ದೇವರು ನಿಮ್ಮನ್ನು ಇನ್ನೂ ಹತ್ತು ವರ್ಷ ನಮ್ಮನ್ನು ಗದರಿಸುತ್ತಿರುವಂತೆ ಇಟ್ಟಿರಲಿ.

ನಿಮ್ಮ,
ಕೊರಿನ್

ಮರೆತ ಮಾತು: ಶೆಡ್ಡಿನ ಹಿಂದೆ ಡೆಸ್ಸಾ ಏನು ಮಾಡುತ್ತಿದ್ದಾಳೆಂದು ನನಗೆ ಒಂದೇ ನೋಟಕ್ಕೆ ಹೇಗೆ ತಿಳಿಯಿತು ಎಂದು ಯೋಚಿಸಿದಿರಾ? 1994ರ ಜುಲೈನಲ್ಲಿ ಆ ಕಪ್ ಗೆದ್ದ ಪಂದ್ಯಕ್ಕೆ ನೀವು ವಿಚಿಟಾದಿಂದ ಉದ್ದ ಜಡೆಯ ಹುಡುಗಿಯೊಬ್ಬಳನ್ನು ಕರೆಸಿದ್ದಿರಿ. "ಗ್ಲೌಸ್ ಹಾಕ್ಕೊಂಡೇ ಇರು ಕೊರಿನ್," ಎಂದಿದ್ದಿರಿ. ಆಮೇಲೆ ಮರೆತಿರಿ. ನಿಮ್ಮ ಮಂಚದ ಮೇಲಿನ ಫೋಟೋದಲ್ಲಿ ಎಲ್ಲರಿಗಿಂತ ಕೊಳೆಯಾದ ಪ್ಯಾಂಟು ನನ್ನದು. ಬಂದವರಿಗೆಲ್ಲ ಅದನ್ನೇ ತೋರಿಸಿ, "ನೋಡಿ, ನಮ್ ಕೊರಿನ್ ಅವತ್ತು ಹೆಂಗಾಡಿದ್ಲು," ಎನ್ನುತ್ತೀರಿ. ಅವತ್ತು ನಾನು ಆಡಲೇ ಇಲ್ಲ, ಕೋಚ್. ಮೂವತ್ತು ವರ್ಷ ಇದನ್ನು ನಿಮಗೆ ಹೇಳಲಾರದವಳು ನಾಳೆ ಹಾಯ್ಟ್‌ಗೆ ಹೇಗೆ ಹೇಳಿಯೇನು? ಅದಕ್ಕೇ ಮೊದಲು ನಿಮಗೆ ಬರೆದೆ.