ನಾನೂರ ಹನ್ನೆರಡು ಊಟ

ಮಾರ್ಚ್ 3, ಸೋಮವಾರ

ತಿಂಡಿ 7.50. ಊಟ 4.25, ಅದೂ ಅರ್ಧ. ರಾತ್ರಿ 9.40.

ಡಾಕ್ಟರಮ್ಮ ಕೇಳಿದ್ದು ಇಷ್ಟೇ. ಸಕ್ಕರೆ ಯಾಕೆ ಹೀಗೆ ಹತ್ತಿ ಇಳಿಯುತ್ತೆ ನೋಡೋಣ, ಒಂದು ತಿಂಗಳು ಊಟದ ಹೊತ್ತು ಬರೆದಿಡಿ ಅಂದಳು. ಮೇಲಿನ ಸಾಲು ಅವಳಿಗೆ. ಕೆಳಗಿನದು ನನಗೆ. ಪುಸ್ತಕದಲ್ಲಿ ಜಾಗ ಸುಮ್ಮನೆ ಬಿಡುವ ಜಾತಿಯವಳಲ್ಲ ನಾನು.

"ಮಧ್ಯಾಹ್ನ ಎಷ್ಟಕ್ಕೆ ಊಟ ಮಾಡ್ತೀರಿ?" ಅಂದಾಗ ಬಾಯಿ ಕಟ್ಟಿತು. ನನಗೆ! ದಿನಕ್ಕೆ ನೂರೈವತ್ತು ಜನಕ್ಕೆ "ಇದು ಊಟಕ್ಕೆ ಮುಂಚೆ, ಇದು ಊಟ ಆದ್ಮೇಲೆ, ಖಾಲಿ ಹೊಟ್ಟೇಲಿ ಖಂಡಿತ ಬೇಡ" ಅಂತ ಒಪ್ಪಿಸುವವಳಿಗೆ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಮಾತು ಬಲ್ಲೆ. ಅರ್ಧ ಗಾದೆಯಲ್ಲೇ ನಲವತ್ತೊಂಬತ್ತು ವರ್ಷ ದೂಡಿದ್ದೇನೆ.

ಮಾರ್ಚ್ 4, ಮಂಗಳವಾರ

ತಿಂಡಿ 7.45. ಊಟ 3.50. ನಿಂತು, ಫ್ರಿಜ್ ಮರೆಯಲ್ಲಿ. ನಾಲ್ಕು ತುತ್ತು. ಐದನೆಯದಕ್ಕೆ ಕೈ ಹಾಕಿದಾಗ, "ಯಾರಿದ್ದೀರಿ ಒಳಗೆ?"

ಹದಿನಾರನೇ ವಯಸ್ಸಿಗೆ ಔಷಧಿ ಅಂಗಡಿಯ ಕಪಾಟಿನ ಧೂಳು ಒರೆಸುತ್ತ ಮಾತ್ರೆಗಳ ಹೆಸರು ಕಲಿತೆ. ಮೂವತ್ತೊಂದಕ್ಕೆ ಮಗಳನ್ನು ತೊಡೆ ಮೇಲೆ ಮಲಗಿಸಿಕೊಂಡು ಪರೀಕ್ಷೆಗೆ ಓದಿದೆ. ಈಗ ಫಾರ್ಮಸಿಸ್ಟ್. ಬಿಳಿ ಕೋಟು. ಕಂಪನಿಗೆ ಅರವತ್ತು ಅಂಗಡಿ, ಈ ಅಂಗಡಿಗೆ ಫಾರ್ಮಸಿಸ್ಟ್ ನಾನೊಬ್ಬಳೇ. ಧೂಳು ಒರೆಸುವ ಕಾಲದಲ್ಲಿ ಮಧ್ಯಾಹ್ನ ಕೂತು ಉಣ್ಣುತ್ತಿದ್ದೆ. ಬಡ್ತಿ ಅಂದರೆ ಇದು.

ಕೂರೋಣ ಅಂದರೆ ಕುರ್ಚಿ ಇಲ್ಲ. ಒಂದು ಸ್ಟೂಲ್ ಇತ್ತು — ಗಿರಾಕಿ ಕಣ್ಣಿಗೆ ಸೋಮಾರಿತನ ಕಾಣುತ್ತೆ ಅಂತ ತೆಗೆಸಿದರು. ಡಾಕ್ಟರ ಚೀಟಿ ಸ್ಕ್ಯಾನ್ ಮಾಡಿದ ಕೂಡಲೇ ಸ್ಕ್ರೀನ್ ಮೂಲೆಯಲ್ಲಿ ಹಸಿರು ಚುಕ್ಕಿ. ಔಷಧಿ ಕೊಟ್ಟಾಗದಿದ್ದರೆ ಎರಡು ನಿಮಿಷಕ್ಕೆ ಹಳದಿ. ಮೂರಕ್ಕೆ ಕೆಂಪು. ಕೆಂಪು ಎಷ್ಟು ಅಂತ ವಾರಕ್ಕೊಮ್ಮೆ ಮೇಲ್ ಬರುತ್ತೆ. ನೀರು ಕುಡಿಯುವುದನ್ನೂ ಕಡಿಮೆ ಮಾಡಿದ್ದೇನೆ. ಕುಡಿದರೆ ಹೋಗಬೇಕಲ್ಲ... ಹೋದರೆ ಕೆಂಪು.

ಮಾರ್ಚ್ 7, ಶುಕ್ರವಾರ

ತಿಂಡಿ 8.00. ಊಟ — ಇಲ್ಲ.

ಇಲ್ಲ ಅಂತ ಇಲ್ಲಿ ಬರೆಯಬಹುದು, ಮನೆಯಲ್ಲಿ ಹೇಳುವ ಹಾಗಿಲ್ಲ. ಇವರು ಇಪ್ಪತ್ತಾರು ವರ್ಷ ಬಸ್ ಓಡಿಸಿದವರು. ಕಣ್ಣು ಮಂಜಾಯಿತು ಅಂತ ಎರಡು ವರ್ಷದ ಹಿಂದೆ ಇಳಿಸಿದರು. ಆಮೇಲೆ ಅಡುಗೆ ಕಲಿತರು. ಅಳೆದು, ಸುರಿದು, ಕೈ ಸುಟ್ಟುಕೊಂಡು. ಬೆಳಿಗ್ಗೆ ನನ್ನ ಡಬ್ಬಿ ಕಟ್ಟುವಾಗ ಮುಖ ನೋಡಬೇಕು, ಬಸ್ಸಿಗೆ ಹೊಸ ಟಯರ್ ಹಾಕಿಸಿದವರ ಹಾಗೆ.

ತುಂಬಿದ ಡಬ್ಬಿ ವಾಪಸ್ ಒಯ್ಯೋಕೆ ಮನಸ್ಸು ಬರಲ್ಲ. ಕ್ಯಾಶಿನಲ್ಲಿರುವ ಬೀಪಕ್ಕನಿಗೆ ಕೊಡುತ್ತೇನೆ. (ಸ್ಕ್ಯಾನರ್ ಬೀಪ್ ಅನ್ನುವ ಮೊದಲೇ ಬಾಯಲ್ಲಿ ಬೀಪ್ ಅನ್ನುತ್ತಾಳೆ, ಅದಕ್ಕೆ ಆ ಹೆಸರು. ನನಗಿಂತ ಆರು ವರ್ಷ ದೊಡ್ಡವಳು, ಹಸಿವಿನಲ್ಲಿ ಇಪ್ಪತ್ತು ವರ್ಷ ಚಿಕ್ಕವಳು.) ಇವತ್ತೂ ಕೊಟ್ಟೆ.

ಮನೆಗೆ ಬಂದರೆ ಇವರು ಖಾಲಿ ಡಬ್ಬಿ ತೊಳೆಯುತ್ತ, "ಉಪ್ಪು ಜಾಸ್ತಿ ಆಯ್ತಾ?"

"ಇಲ್ಲಪ್ಪ, ಹದವಾಗಿತ್ತು."

ನಲ್ಲಿ ನಿಲ್ಲಿಸಿದರು. "ಉಪ್ಪೇ ಹಾಕಿರಲಿಲ್ಲ ಇವತ್ತು. ಮರೆತುಬಿಟ್ಟಿದ್ದೆ. ನೀನು ಹೋದ್ಮೇಲೆ ನೆನಪಾಯ್ತು."

ಇವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 8, ಶನಿವಾರ

ತಿಂಡಿ 7.50. ಊಟ 1.15ರಿಂದ 5.00ರವರೆಗೆ, ಹನ್ನೊಂದು ಸಲ.

ಡಬ್ಬಿ ತೆರೆದರೆ ಎಲ್ಲ ಒಂದು ಬೆರಳಗಲದ ತುಂಡು. ಬ್ರೆಡ್ಡು, ಮೊಟ್ಟೆ, ಬೇಯಿಸಿದ ಬೀನ್ಸು. ಮೇಲೆ ಚೀಟಿ, ಇವರ ದಪ್ಪ ಅಕ್ಷರದಲ್ಲಿ — "ಸಿಗ್ನಲ್ ಸೈಜ್. ಕೆಂಪು ಬಿದ್ದಾಗ ಒಂದೊಂದು."

ಇವರು ಹೇಳಿದ್ದು ರಸ್ತೆಯ ಸಿಗ್ನಲ್, ನನ್ನ ಸ್ಕ್ರೀನಿನ ಕೆಂಪು ಇವರಿಗೆ ಗೊತ್ತಿಲ್ಲ. ಬೀಪಕ್ಕ ಚೀಟಿ ಓದಿ, "ನಮ್ಮನೆಯವರಿಗೆ ನಾನು ಬದುಕಿದೀನಿ ಅನ್ನೋದೇ ನೆನಪಿರಲ್ಲ" ಅಂದಳು. ಒಂದು ತುಂಡು ಕೇಳಿದಳು. ಕೊಡಲಿಲ್ಲ.

ಮಾರ್ಚ್ 12, ಬುಧವಾರ

ತಿಂಡಿ 7.30. ಊಟ ಇಲ್ಲ. ತುಂಡೂ ಇಲ್ಲ.



ಹೊಸ ಸ್ಟಾಕ್ ಬಂತು, ಜನವೂ ಬಂದರು. 3.40ಕ್ಕೆ ಕತ್ತಿನ ಹಿಂದೆ ತಣ್ಣನೆ ಬೆವರು. ಅಕ್ಷರಗಳು ಇರುವೆ ಸಾಲಿನ ಹಾಗೆ ಸರಿದವು. ಗೊತ್ತಿತ್ತು ಇದೇನು ಅಂತ — ಬೆಳಿಗ್ಗೆ ಮಾತ್ರೆ ನುಂಗಿ ಮಧ್ಯಾಹ್ನ ಉಣ್ಣದಿದ್ದರೆ ಸಕ್ಕರೆ ಪಾತಾಳಕ್ಕೆ. ಬೇರೆಯವರಿಗೆ ಸಾವಿರ ಸಲ ಹೇಳಿದ್ದೇನೆ. ಎದುರಿಗೆ ಎಂಟು ಜನ. ಇವರೊಬ್ಬರನ್ನ ಮುಗಿಸೋಣ ಅಂದುಕೊಂಡೆ.

ಇವರೊಬ್ಬರು ಅಂದರೆ ಹೆಡ್‌ಮಿಸ್ಸು. ಶಾಲೆಯಿಂದ ನಿವೃತ್ತಿಯಾಗಿ ಹದಿನೈದು ವರ್ಷವಾದರೂ ಕ್ಯೂನಲ್ಲಿ ಮುಂದಿನವನ ಕಾಲರ್ ಸರಿ ಮಾಡುವ ಹೆಂಗಸು. ರಕ್ತ ತೆಳುವಾಗಿಸುವ ಮಾತ್ರೆ, ದಿನಕ್ಕೊಂದು. ಕೊಟ್ಟೆ. ಅಲ್ಲೇ ಮಾತ್ರೆಯ ಪಟ್ಟಿ ತೆಗೆದು, ಕನ್ನಡಕ ಏರಿಸಿ ನೋಡಿದರು.

"ನನ್ನದು ಕಂದು ಬಣ್ಣದ್ದು ಕಣಮ್ಮ. ಇದು ಗುಲಾಬಿ."

ಕಂದು ಒಂದು ಮಿಲಿಗ್ರಾಂ. ಗುಲಾಬಿ ಐದು. ಒಂದರ ಜಾಗಕ್ಕೆ ಐದು... ಎರಡು ವಾರ ನುಂಗಿದ್ದರೆ ರಕ್ತ ಒಸರುವುದು ಒಸಡಿನಿಂದ ಶುರುವಾಗುತ್ತಿತ್ತು. ಮೂತ್ರದಲ್ಲಿ. ಆಮೇಲೆ ತಲೆಯೊಳಗೆ.

ಕೌಂಟರ್ ಹಿಡಿದುಕೊಂಡೆ. ನನ್ನ ಮುಖದಲ್ಲಿ ಏನು ಕಂಡರೋ, ಬೈಯುವುದು ಬಿಟ್ಟು ಚೀಲಕ್ಕೆ ಕೈ ಹಾಕಿ ಪೆಪ್ಪರ್‌ಮೆಂಟ್ ತೆಗೆದರು. "ಬಾಯಿ ತೆಗಿ."

"ಮಿಸ್, ನಾನು—"

"ಬಾಯಿ ತೆಗಿ ಅಂದೆ."

ತೆಗೆದೆ. ಎಂಟು ಜನ ನೋಡುತ್ತಿದ್ದರು. ಎರಡನೆಯದನ್ನೂ ಹಾಕಿದರು.

ಮಾರ್ಚ್ 13, ಗುರುವಾರ

ತಿಂಡಿ 7.50. ಊಟ 2.40, ನಿಂತು, ಪೂರ್ತಿ. ಭಯದಲ್ಲಿ ಒಳ್ಳೆ ಹಸಿವಾಗುತ್ತೆ.

ಆದ ತಪ್ಪನ್ನು ಕಂಪನಿಗೆ ವರದಿ ಮಾಡಿದೆ. ಬೀಪಕ್ಕ ತಲೆ ಚಚ್ಚಿಕೊಂಡಳು. "ಆ ಯಮ್ಮನೇ ಕಂಪ್ಲೇಂಟ್ ಕೊಟ್ಟಿಲ್ಲ. ಕಂಪನಿಯೋರು ಯಾರೂ ನೋಡಿಲ್ಲ. ನಿನ್ನ ಕುತ್ತಿಗೆಗೆ ನೀನೇ ಹಗ್ಗ ಹಾಕ್ಕೋತೀಯಾ?"

"ನಾನು ನೋಡಿದೀನಲ್ಲ."

"ಹರಿಶ್ಚಂದ್ರನ ಅಕ್ಕ!"

ಫಾರಂನಲ್ಲಿ 'ತಪ್ಪಿಗೆ ಕಾರಣ' ಅಂತ ಒಂದು ಪಟ್ಟಿ. ಅಜಾಗರೂಕತೆ. ಮಬ್ಬು ಬೆಳಕು. ಒಂದೇ ಥರದ ಪ್ಯಾಕಿಂಗ್. ಡಾಕ್ಟರ ಕೈಬರಹ. ಇತರೆ. ಇತರೆ ಒತ್ತಿದೆ. ವಿವರಿಸಿ ಅಂತು. 'ಹಸಿವು' ಅಂತ ಟೈಪ್ ಮಾಡಿದೆ. ಕನಿಷ್ಠ ಇಪ್ಪತ್ತು ಅಕ್ಷರ ಇರಲಿ ಅಂತು. 'ಹಸಿವು ಹಸಿವು ಹಸಿವು ಹಸಿವು ಹಸಿವು ಹಸಿವು ಹಸಿವು' ಅಂತ ತುಂಬಿಸಿದೆ. ಸ್ವೀಕರಿಸಲಾಗಿದೆ, ಧನ್ಯವಾದ.

ಮಾರ್ಚ್ 17, ಸೋಮವಾರ

ತಿಂಡಿ 8.00. ಊಟ 4.10.

ಏರಿಯಾ ಮ್ಯಾನೇಜರ್ ಬಂದ. ನಾವು ಬರೀ ಏರಿಯಾ ಅನ್ನುತ್ತೇವೆ. ಹನ್ನೆರಡು ಅಂಗಡಿ ನೋಡಿಕೊಳ್ಳುವ ಮನುಷ್ಯ, ಮೂವತ್ತೈದಕ್ಕೇ ಕಣ್ಣ ಕೆಳಗೆ ಚೀಲ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಕೆಲಸ ಸುಲಭವಿತ್ತು.

"ಮೇಡಂ, ಹಸಿವು ಅಂತ ಬರೆದರೆ ಹೇಗೆ? ನೀವು ಬ್ರೇಕ್ ತಗೊಂಡಿದೀರಲ್ಲ."

"ಯಾವಾಗ?"

ಲ್ಯಾಪ್‌ಟಾಪ್ ತಿರುಗಿಸಿದ. ನನ್ನ ಹೆಸರು. ತಾರೀಖು. ಊಟದ ವಿರಾಮ 2.00ರಿಂದ 2.30. ಕೆಳಗೆ 2.00ರಿಂದ 2.30. ಅದರ ಕೆಳಗೆ ಅದೇ. ಈ ಸಿಸ್ಟಮ್ ಬಂದು ಹದಿನಾರು ತಿಂಗಳು, ಒಂದು ದಿನ ತಪ್ಪಿಲ್ಲ. ಕೊನೆಯಲ್ಲಿ ಒಟ್ಟು — 412.

"ಸಿಸ್ಟಮ್ ತಾನಾಗೇ ಹಾಕುತ್ತೆ ಮೇಡಂ. ಎಲ್ಲರಿಗೂ."

ನಾನೂರ ಹನ್ನೆರಡು ಊಟ. ನನ್ನ ಪಾಲಿನದೆಲ್ಲ ಕಂಪ್ಯೂಟರ್ ಉಂಡಿದೆ. ಹೊತ್ತಿಗೆ ಸರಿಯಾಗಿ, ಕೂತು. ಅದಕ್ಕೆ ಎಂಥ ಒಳ್ಳೆ ಸಕ್ಕರೆ ಇರಬೇಕು.

ಒಂದು ಪತ್ರ ಮುಂದಿಟ್ಟ. 'ಸಾಕಷ್ಟು ವಿರಾಮ ಪಡೆದಿದ್ದರೂ ಅಜಾಗರೂಕತೆಯಿಂದ ತಪ್ಪೆಸಗಿದ್ದೇನೆ.' ಸಹಿ ಮಾಡಿದರೆ ಎರಡು ದಿನ ಟ್ರೈನಿಂಗ್, ಕಥೆ ಮುಗೀತು. ಮಾಡದಿದ್ದರೆ ಕೌಂಟರಿನಿಂದ ತೆಗೆದು ಗೋಡೌನಿಗೆ. ಶುಕ್ರವಾರದೊಳಗೆ ಹೇಳಬೇಕು.

ಗೋಡೌನ್ ಅಂದರೆ ಡಬ್ಬ ಎಣಿಸುವುದು. ಮತ್ತೆ ಧೂಳು. ಮೂವತ್ತಮೂರು ವರ್ಷ ಹತ್ತಿದ ಏಣಿ.

ಮಾರ್ಚ್ 18, ಮಂಗಳವಾರ

ತಿಂಡಿ 7.40. ಊಟ 3.30.

ಕೆಲಸಕ್ಕೆ ಹೊರಡುವ ಮೊದಲು ಇವರಿಗೆ ಎಲ್ಲ ಹೇಳಿದೆ. ಬೀಪಕ್ಕನ ಹೊಟ್ಟೆ ಸೇರಿದ ಡಬ್ಬಿಗಳನ್ನೂ ಸೇರಿಸಿ. ಚಪ್ಪಲಿ ಹಾಕಿಕೊಂಡು, ಬಾಗಿಲಲ್ಲಿ ನಿಂತು. ಕೂತರೆ ಅಳು ಬರುತ್ತಿತ್ತು.

"ಸಹಿ ಮಾಡಿಬಿಡ್ಲಾ? ಕೌಂಟರಾದ್ರೂ ಉಳಿಯುತ್ತೆ."

ಇವರು ಡಬ್ಬಿಯ ಮುಚ್ಚಳ ಒತ್ತುತ್ತಿದ್ದರು. "ನಾನು ಊಟಕ್ಕೆ ಇಳಿದ್ರೆ ಬಸ್ಸಿನ ಕೀಲಿ ಜೇಬಿಗೆ ಹಾಕ್ಕೊಂಡೇ ಇಳೀತಿದ್ದೆ."

"ಕಳ್ಳತನ ಆಗುತ್ತೆ ಅಂತಲಾ?"

"ಕಳ್ಳ ಎಲ್ಲಿ ಬರ್ತಾನೆ ಆ ಡಕೋಟಾಗೆ! ಕೀಲಿ ಅಲ್ಲೇ ಇದ್ರೆ ಬಸ್ ಸ್ಟ್ಯಾಂಡ್ ಕಂಟ್ರೋಲರ್ ಬಂದು, ಒಂದು ರೌಂಡ್ ಹಾಕಿ ಬಂದು ಉಣ್ಣು ಅಂತಿದ್ದ. ಕೀಲಿ ಜೇಬಲ್ಲಿದ್ರೆ ಬಸ್ಸೂ ಊಟ ಮಾಡುತ್ತೆ."

ದಾರಿಯುದ್ದಕ್ಕೂ ಅದೇ ತಲೆಯಲ್ಲಿ. ನನ್ನ ಕೀಲಿ ಯಾವುದು?

ಕೌಂಟರಿನಲ್ಲಿ ನಿಂತು ಹಿಂದೆ ತಿರುಗಿದೆ. ಗೋಡೆಯ ಮೇಲೆ ಫ್ರೇಮಿನಲ್ಲಿ ನನ್ನ ನೋಂದಣಿ ಸರ್ಟಿಫಿಕೇಟ್. ಅದು ಅಲ್ಲಿದ್ದು, ನಾನು ಇಲ್ಲಿದ್ದರೆ ಮಾತ್ರ ಒಂದು ಮಾತ್ರೆಯಾದರೂ ಹೊರಗೆ ಹೋಗಬೇಕು — ಕಾನೂನು. ಮೊಳೆ ಸಡಿಲವೇ ಇತ್ತು.

ಮಾರ್ಚ್ 21, ಶುಕ್ರವಾರ

ತಿಂಡಿ 7.50. ಊಟ 2.00ರಿಂದ 2.30. ಕೂತು.

ಈ ಸಾಲನ್ನು ಎರಡು ಸಲ ಓದಿದೆ.

ಎರಡಕ್ಕೆ ಸರಿಯಾಗಿ ಕೈಯಲ್ಲಿದ್ದ ಚೀಟಿ ಮುಗಿಸಿ, ಹೊಸ ಸ್ಟಾಕಿನ ಡಬ್ಬದ ಮೇಲೆ ಹತ್ತಿ ಫ್ರೇಮ್ ಇಳಿಸಿದೆ. ಮಗುವಿನ ಹಾಗೆ ಕಂಕುಳಲ್ಲಿ ಇಟ್ಟುಕೊಂಡೆ. ಕ್ಯೂನಲ್ಲಿ ಹನ್ನೊಂದು ಜನ.

"ಅರ್ಧ ಗಂಟೆ ಫಾರ್ಮಸಿಸ್ಟ್ ಇರಲ್ಲ. ಅರ್ಜೆಂಟ್ ಇರೋರು ಈಗಲೇ ಹೇಳಿ, ಕೊಟ್ಟೇ ಹೋಗ್ತೀನಿ. ಮಿಕ್ಕವರಿಗೆ ಎರಡೂವರೆಗೆ."

ಜ್ವರದ ಕೂಸಿನ ತಾಯಿ ಒಬ್ಬಳು ಕೈ ಎತ್ತಿದಳು. ಅವಳಿಗೆ ಕೊಟ್ಟೆ. ಒಬ್ಬ ಗಡ್ಡದವನು ರೇಗಿದ. "ಡಾಕ್ಟರೇ ಊಟ ಬಿಟ್ಟು ನೋಡ್ತಾರೆ, ನಿಮಗೇನ್ರೀ ದೊಡ್ಡ ಊಟ?"

"ಹೋದ ವಾರ ಬಿಟ್ಟಿದ್ದೆ ಸಾರ್. ಒಬ್ಬರಿಗೆ ಒಂದರ ಬದಲು ಐದು ಕೊಟ್ಟೆ. ನಿಮಗೂ ಹಾಗೇ ಕೊಡ್ಲಾ, ಇಲ್ಲಾ ಉಂಡು ಬಂದು ಕೊಡ್ಲಾ?"

"...ಉಂಡು ಬನ್ನಿ."

ಕ್ಯೂ ನಕ್ಕಿತು. ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು, ಫ್ರೇಮನ್ನು ಪಕ್ಕಕ್ಕೆ ಒರಗಿಸಿ ಉಂಡೆ. ವಾಪಸ್ ಬಂದಾಗ ಏಳು ಜನ ಇನ್ನೂ ಇದ್ದರು. ಗಡ್ಡದವನೂ.

ಪತ್ರವನ್ನು ಸಹಿ ಇಲ್ಲದೆ ಕಳಿಸಿದೆ. ಜೊತೆಗೆ ಈ ಪುಸ್ತಕದ ಮೇಲಿನ ಸಾಲುಗಳನ್ನು ತಾರೀಖಿನ ಪ್ರಕಾರ ನಕಲು ಮಾಡಿ ಸೇರಿಸಿದೆ. ಎಡಕ್ಕೆ ಕಂಪ್ಯೂಟರಿನ ಊಟ, ಬಲಕ್ಕೆ ನನ್ನ ಊಟ. ನಾಲ್ಕಕ್ಕೆ ಏರಿಯಾ ಫೋನ್ ಮಾಡಿ ಅರಚಿದ. ಐದಕ್ಕೆ ಮತ್ತೆ. ಆರಕ್ಕೆ ಮಾಡಲಿಲ್ಲ.

ಏಪ್ರಿಲ್ 2, ಬುಧವಾರ

ತಿಂಡಿ 7.45. ಊಟ 2.00.

ಹತ್ತು ದಿನ ಬರೀ ಮೇಲಿನ ಸಾಲನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟೆ. ಕೆಳಗಿನದಕ್ಕೆ ಧೈರ್ಯ ಇರಲಿಲ್ಲ. ದಿನಾ ಎರಡಕ್ಕೆ ಫ್ರೇಮ್ ಇಳಿಸುವುದು, ದಿನಾ ಗೋಡೌನಿನ ಆರ್ಡರ್ ಬಂತಾ ಅಂತ ಮೇಲ್ ನೋಡುವುದು.

ಏರಿಯಾ ತಾನೇ ಬಂದ. ಒಂದು ತಿಂಗಳು, ಈ ಅಂಗಡಿಯಲ್ಲಿ ಮಾತ್ರ, ಔಷಧಿ ಕೌಂಟರ್ ಎರಡರಿಂದ ಎರಡೂವರೆ ಬಂದ್. ಪ್ರಯೋಗ ಅಂತೆ. ದೂರು ಜಾಸ್ತಿ ಬಂದರೆ ರದ್ದು. ಗೋಡೌನ್ ವಿಷಯ ಪೆಂಡಿಂಗ್. ನನ್ನ ವರ್ಷದ ಗ್ರೇಡ್ ಮಾತ್ರ ಇಳಿದಿದೆ, ಕೆಂಪು ಚುಕ್ಕಿ ಜಾಸ್ತಿ ಅಂತ.

ಇಳಿಯಲಿ. ಗ್ರೇಡ್ ಇಳಿದರೆ ಬೆವರು ಬರಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತ. "ಮೇಡಂ, ನಿಮ್ಮ ಪಟ್ಟಿ ನೋಡಿ ನನ್ನದೂ ತೆಗೆದು ನೋಡಿದೆ. ನಾನೂ ದಿನಾ ಎರಡಕ್ಕೆ ಉಂಡಿದೀನಂತೆ."

"ಇವತ್ತು ಉಂಡ್ರಾ?"

ನಕ್ಕ. ಆಗ ಗಂಟೆ ನಾಲ್ಕು. ಒಂದು ಮೊಟ್ಟೆ ಉಳಿದಿತ್ತು, ಕೊಟ್ಟೆ. ಕಾರಿಗೆ ಹೋಗಲಿಲ್ಲ, ಅಲ್ಲೇ ನಿಂತು ತಿಂದ.

ಏಪ್ರಿಲ್ 5, ಶನಿವಾರ, ಮಧ್ಯಾಹ್ನ

ತಿಂಡಿ 7.50.

ಹಿಂಬಾಗಿಲ ಮೆಟ್ಟಿಲು. ಬಿಸಿಲು ಮಂಡಿಯವರೆಗೆ. ಇವರು ಬಂದಿದ್ದಾರೆ! ಹೇಳದೆ ಕೇಳದೆ, ಬಸ್ ಹತ್ತಿ, ಮಂಜುಗಣ್ಣಲ್ಲಿ ಬೋರ್ಡ್ ಓದಲಾರದೆ ಡ್ರೈವರನ್ನೇ ಕೇಳಿಕೊಂಡು. ಇಬ್ಬರ ಊಟ ತಂದಿದ್ದಾರೆ. ಡ್ರೈವರ್ ಬ್ರೇಕ್ ಜಾಸ್ತಿ ಒತ್ತುತ್ತಾನೆ ಅಂತ ದೂರು ಹೇಳಿ ಆಯಿತು.

ಲೆಕ್ಕ ಹಾಕಿದೆ. ಮದುವೆಯಾಗಿ ಇಪ್ಪತ್ನಾಲ್ಕು ವರ್ಷ. ಕೆಲಸದ ದಿನ ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಉಂಡದ್ದು ಎರಡು ಸಲ, ಎರಡೂ ಆಸ್ಪತ್ರೆ ಕ್ಯಾಂಟೀನಿನಲ್ಲಿ. ಮಗಳು ಹುಟ್ಟಿದಾಗ ಒಮ್ಮೆ. ಇವರ ಕಣ್ಣು ತೋರಿಸಿದಾಗ ಒಮ್ಮೆ. ಇದು ಮೂರನೆಯದು. ಕಾಯಿಲೆ ಇಲ್ಲದೆ, ಮೊದಲನೆಯದು.

"ಏನು ಬರೀತಿದೀಯ ಅಷ್ಟುದ್ದ?"

"ಊಟದ ಹೊತ್ತು."

"ಅದಕ್ಕೆ ಒಂದು ಪುಟಾನಾ?"

"ಇರಿ, ಒಂದೇ ಸಾಲು."

"ಅನ್ನ ಆರುತ್ತೆ ಕಣೆ. ಕೊಡು ಇಲ್ಲಿ ಪೆನ್ನು."

ಕೊಡಲ್ಲ. ಪೆನ್ನಿಗೇ ಕೈ ಹಾಕಿದ್ದಾರೆ. ಊಟ 2.0