ಖಾಲಿ ಎಂದು ಬರೆದ ಕಟ್ಟೆಯ ಮೇಲೆ ಬಿದ್ದ ಏಟು

ಭೂ ಉಪಯೋಗ ಬದಲಾವಣೆ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನಿಮ್ಮ ಸ್ಥಳ ಪರಿಶೀಲನಾ ವರದಿಯ ಮೂರನೇ ಪುಟದಲ್ಲಿ ಒಂದು ಸುಳ್ಳಿದೆ. ಆ ಸುಳ್ಳನ್ನು ಹಿಡಿದುಕೊಂಡೇ ನನ್ನ ಅಣ್ಣನ ಕೈ ಮುರಿದಿದ್ದಾರೆ. ಬರುವ ಸೋಮವಾರ ನೀವು ಅದೇ ಸುಳ್ಳಿಗೆ ಮೊಹರು ಒತ್ತಲಿದ್ದೀರಿ. ಆದ್ದರಿಂದ ನಿಮ್ಮ ಕ್ಷೇಮ ಸಮಾಚಾರ ವಿಚಾರಿಸುವಷ್ಟು ತಾಳ್ಮೆ ನನ್ನಲ್ಲಿಲ್ಲ.

ಕೃಷ್ಣರಾಜಪುರದ ಆಚೆ, ಗಾಲ್ಫ್ ಕ್ಲಬ್ಬಿನ ಗೋಡೆಗೆ ಅಂಟಿಕೊಂಡ ಮೂರೆಕರೆ ಬಯಲು ಮತ್ತು ಅಲ್ಲಿನ ನೀರಿನ ಕಟ್ಟೆಯನ್ನು 'ಖಾಲಿ, ಯಾರ ಉಪಯೋಗದಲ್ಲೂ ಇಲ್ಲ' ಎಂದು ನಿಮ್ಮವರು ಬರೆದಿದ್ದಾರೆ. ಅಲ್ಲಿ ನಮ್ಮ ಹನ್ನೊಂದು ಮಡಿವಾಳರ ಮನೆಯವರು ಮೂರು ತಲೆಮಾರಿನಿಂದ ಬಟ್ಟೆ ಒಗೆದು ಒಣಗಿಸುತ್ತಿದ್ದೇವೆ. ಇಂದಿರಾನಗರದ ಲಾಡ್ಜುಗಳ ಹಾಸಿಗೆ ಬಟ್ಟೆ, ಹಲಸೂರಿನ ಛತ್ರಗಳ ಜಮಖಾನೆ, ಕೊನೆಗೆ ಇದೇ ಕ್ಲಬ್ಬಿನವರು ಬೆವರು ಒರೆಸಿಕೊಳ್ಳುವ ಟವಲು, ಎಲ್ಲವೂ ಬೆಳ್ಳಗಾಗುವುದು ಅಲ್ಲಿಯೇ. ಈಗ ಕ್ಲಬ್ಬಿನವರಿಗೆ ಚೆಂಡು ಬೀಳಿಸಲು ಇನ್ನೆರಡು ಗುಂಡಿ ಬೇಕಂತೆ. ಇರುವ ಗುಂಡಿಗಳು ತುಂಬಿ ಹೋದವೇ ಸ್ವಾಮಿ? ಎರಡು ಗುಂಡಿ ತೋಡಲು ಹನ್ನೊಂದು ಒಲೆಗಳನ್ನು ಆರಿಸುವುದನ್ನು ನಿಮ್ಮ ಭಾಷೆಯಲ್ಲಿ 'ಹಸಿರು ಪ್ರದೇಶದ ಅಭಿವೃದ್ಧಿ' ಎನ್ನುತ್ತಾರಂತಲ್ಲ, ಎಂಥ ಚೆಂದದ ಮಾತು.

ಬಯಲು ನಿಮ್ಮವರ ಕಣ್ಣಿಗೆ ಖಾಲಿ ಕಂಡದ್ದು ನಿಜ. ಅಲ್ಲಿ ತಪ್ಪು ನಮ್ಮದೇ, ಒಪ್ಪುತ್ತೇನೆ. ಪರಿಶೀಲನೆಗೆ ಬರುತ್ತೇವೆಂದು ನೀವು ಮುಂಚೆಯೇ ನೋಟಿಸು ಕಳಿಸಿದಿರಿ. ನನ್ನ ಅಣ್ಣ ಅಂಬಣ್ಣ ನಮ್ಮ ಕಟ್ಟೆಯ ಹಿರಿಯ. ಹಬ್ಬದ ಹಿಂದಿನ ದಿನದಂತೆ ಎಲ್ಲರನ್ನೂ ಎಬ್ಬಿಸಿದ.

"ಸಾಹೇಬ್ರು ಬತ್ತಾವ್ರೆ ಕಣ್ರಲಾ. ಮೈಲಿಗೆ ಬಟ್ಟೆ ಒಂದೂ ಕಣ್ಣಿಗೆ ಬೀಳ್ಬಾರ್ದು. ಹಗ್ಗ ಬಿಚ್ಚಿ, ಗೂಟ ಕೀಳಿ!"

ನಾನು ಬೇಡವೆಂದೆ. "ಅಣ್ಣ, ಬಟ್ಟೆ ಒಣಗ್ತಿರೋದನ್ನ ನೋಡ್ಲಿ ಬಿಡು. ಅದೇ ನಮ್ಗೆ ಸಾಕ್ಷಿ."

"ಥೂ, ದೊಡ್ಡೋರ ಎದುರ್ಗೆ ಊರೋರ ಲಂಗ, ಚಡ್ಡಿ ನೇತಾಕ್ತಾರೇನ್ಲಾ? ಮಾನ ಮರ್ವಾದೆ ಬ್ಯಾಡ್ವಾ?"

ಗಿರಾಕಿಯ ಮೈಲಿಗೆಯನ್ನು ನಾಲ್ಕು ಜನರಿಗೆ ತೋರಿಸಬಾರದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಹಾಗಾಗಿ ಹಗ್ಗ ಬಿಚ್ಚಿದೆವು. ಒಗೆಯುವ ಕಲ್ಲುಗಳಿಗೆ ಸುಣ್ಣ ಬಳಿದೆವು. ಹೆಂಗಸರು ನೆಲ ಗುಡಿಸಿ ರಂಗೋಲಿ ಇಟ್ಟರು. ನಿಮ್ಮ ಅಧಿಕಾರಿ ಕಾರಿನಿಂದ ಒಂದು ಕಾಲು ಮಾತ್ರ ಕೆಳಗಿಟ್ಟು, ಸುತ್ತ ಒಮ್ಮೆ ನೋಡಿ, ಎಳನೀರು ಕುಡಿದು ಹೋದರು. ರಂಗೋಲಿ ತಾನಾಗಿಯೇ ಮೂಡಿತೆಂದುಕೊಂಡರೋ ಏನೋ! ಎಳನೀರು ಕೊಟ್ಟವರ ಹೆಸರನ್ನಾದರೂ ಕೇಳಬಾರದಿತ್ತೇ?

ವರದಿ ಬಂದ ಒಂಬತ್ತನೇ ದಿನ ಕ್ಲಬ್ಬಿನ ಕಾವಲುಗಾರರು ಜೆಸಿಬಿಯೊಂದಿಗೆ ಬಂದರು. ನಿಮ್ಮ ಅಂತಿಮ ಅನುಮತಿ ಇನ್ನೂ ಸಿಕ್ಕಿರಲಿಲ್ಲ, ಆದರೂ ಬಂದರು. ಬೆಳಗಿನ ಹತ್ತು ಗಂಟೆ, ಬಯಲ ತುಂಬ ಬಿಳಿ ಬಟ್ಟೆ. ಜೆಸಿಬಿಯ ಹಲ್ಲಿಗೆ ಹಗ್ಗ ಸಿಕ್ಕಿ ಮದುವೆ ಮನೆಯ ಪಂಚೆ, ಸೀರೆಗಳೆಲ್ಲ ಕೆಸರಿನಲ್ಲಿ ಹೊರಳಾಡಿದವು. ಅಣ್ಣ ಓಡಿ ಹೋಗಿ ನಮ್ಮಪ್ಪ ಹಾಕಿದ ಒಗೆಯುವ ಕಲ್ಲನ್ನು ತಬ್ಬಿಕೊಂಡು ಕೂತ. ಇಬ್ಬರು ಅವನನ್ನು ಎಳೆದರು, ಅವನು ಬಿಡಲಿಲ್ಲ. ಮೂರನೆಯವನು ಗಾಲ್ಫ್ ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ಚೆಂಡಿಗೆ ಗುರಿಯಿಡುವಷ್ಟೇ ಸಾವಧಾನವಾಗಿ, ಅವನ ಬಲ ಮೊಣಕೈಗೆ ಬೀಸಿದ. ಒಂದಲ್ಲ, ನಾಲ್ಕು ಸಲ. ಮೂಳೆ ಚರ್ಮ ಸೀಳಿ ಹೊರಗೆ ಬಂತು. ಅದನ್ನು ನಾನು ನನ್ನ ಈ ಕಣ್ಣಿನಿಂದಲೇ ನೋಡಿದೆ.

ಆಗ ನನ್ನ ಕೈಗೂ ಒಂದು ಕಲ್ಲು ಬಂತು. ಮುಚ್ಚಿಡುವುದೇಕೆ, ಅವನ ತಲೆ ಒಡೆಯಬೇಕೆಂದೇ ನುಗ್ಗಿದೆ. ಆಟೋ ಓಡಿಸುವ ನಮ್ಮ ನೆರೆಮನೆಯ ಮುಕ್ತಾರ್ ಹಿಂದಿನಿಂದ ತಬ್ಬಿ ಹಿಡಿಯದಿದ್ದರೆ ಇವತ್ತು ಈ ಪತ್ರವನ್ನು ಜೈಲಿನಿಂದ ಬರೆಯುತ್ತಿದ್ದೆ.

"ಅವ್ನನ್ ಆಮೇಲೆ ನೋಡ್ಕೊಳ್ವ ಭಾಯಿ! ರಕ್ತ ನಿಲ್ತಾ ಇಲ್ಲ, ಮೊದ್ಲು ಏನಾದ್ರೂ ಕಟ್ಟು!" ಎಂದು ಅವನು ಕೂಗಿದ.

ಕೈಗೆ ಸಿಕ್ಕ ಬಿಳಿ ಪಂಚೆಯೊಂದನ್ನು ಹರಿಯಲು ಹೋದೆ. ಅಣ್ಣ ಹಲ್ಲು ಕಚ್ಚಿಕೊಂಡು, "ಗಿರಾಕಿದು ಕಣ್ಲಾ ಅದು... ಹರೀಬ್ಯಾಡ" ಎಂದ. ನನ್ನ ಅಂಗಿಯನ್ನೇ ಹರಿದು ಕಟ್ಟಿದೆ. ಅಧ್ಯಕ್ಷರೇ, ಮೂಳೆ ಹೊರಗೆ ಬಂದಾಗಲೂ ಇನ್ನೊಬ್ಬರ ಸೊತ್ತು ಮುಟ್ಟಬೇಡ ಎಂದ ಮನುಷ್ಯನ ಮೇಲೆ ಠಾಣೆಯಲ್ಲಿ ಯಾವ ಕೇಸು ಹಾಕಿದ್ದಾರೆ ಗೊತ್ತೇ? ಅತಿಕ್ರಮ ಪ್ರವೇಶ! ಆಧಾರ ಕೇಳಿದ್ದಕ್ಕೆ ನಿಮ್ಮ ವರದಿಯ ಮೂರನೇ ಪುಟ ತೋರಿಸಿದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು ಎನ್ನುತ್ತಾರೆ. ಇಲ್ಲಿ ಮೇಯ್ದ ಬೇಲಿ ದೂರನ್ನೂ ತಾನೇ ಕೊಟ್ಟಿದೆ.

ಅಣ್ಣ ಇನ್ನು ಬಟ್ಟೆ ಎತ್ತಿ ಒಗೆಯಲಾರ. ಡಾಕ್ಟರು ಹಾಗೆಂದಾಗ ಅವನು ಅಳಲಿಲ್ಲ, ನಾನು ಅತ್ತೆ. ಈಗ ಅಳು ಮುಗಿದಿದೆ, ಉಳಿದಿರುವುದು ಸಿಟ್ಟು. ಕ್ಲಬ್ಬಿನ ಅರ್ಜಿ ತಿರಸ್ಕರಿಸಿ. ಆ ವರದಿಯನ್ನು ರದ್ದು ಮಾಡಿ. ನೋಟಿಸು ಕಳಿಸದೆ, ಯಾವುದಾದರೂ ದಿನ ಬೆಳಿಗ್ಗೆ ನೀವೇ ಬಂದು ನಿಂತು ನೋಡಿ. ಹೊಡೆದವನನ್ನೂ ಹೊಡೆಸಿದವರನ್ನೂ ಕೋರ್ಟಿಗೆ ಎಳೆಯಲು ನಿಮ್ಮ ಕಚೇರಿಯಿಂದಲೇ ಕಾಗದ ಹೋಗಬೇಕು. ಇಷ್ಟೂ ಆಗದೆ ಆ ಜೆಸಿಬಿ ಮತ್ತೆ ಬಂದರೆ, ಆ ದಿನ ಮುಕ್ತಾರ್ ನನ್ನನ್ನು ಹಿಡಿಯುತ್ತಾನೆಂಬ ಭರವಸೆಯನ್ನು ನಾನು ಕೊಡಲಾರೆ.

ಸೋಮವಾರದ ಸಭೆಗೆ ಅಣ್ಣನೂ ಬರುತ್ತಾನೆ. ನಿಮ್ಮನ್ನು ಕಂಡು ಕೈ ಮುಗಿಯುವುದಿಲ್ಲ. ಅವನ ಎರಡೂ ಕೈ ಈಗ ಒಂದಕ್ಕೊಂದು ಸೇರುವುದಿಲ್ಲ. ಇದನ್ನು ಅಹಂಕಾರವೆಂದು ಬರೆದುಕೊಳ್ಳಬೇಡಿ.

ನನ್ನ ಎರಡೂ ಕೈ ನೆಟ್ಟಗಿವೆ. ನಾನೂ ಮುಗಿಯುವುದಿಲ್ಲ. ಅದನ್ನು ಮಾತ್ರ ಅಹಂಕಾರವೆಂದೇ ಬರೆದುಕೊಳ್ಳಿ.

ಇಂತಿ,
ವಿಧೇಯನಾಗಿ ಸಾಕಾದ,
ಅತಿಕ್ರಮ ಪ್ರವೇಶದ ಎರಡನೇ ಆರೋಪಿ
ಮುನಿರಾಜಪ್ಪ
ಇಸ್ತ್ರಿ ಗಾಡಿ, ಕೃಷ್ಣರಾಜಪುರ
೨೦೦೪